ಗ್ಯಾರೇಜಿನ ಬಾಗಿಲಲ್ಲಿ: ಹೇಳದೆ ಹರಿಯುವ ಬೆಲ್ಟು

ಪ್ರಶ್ನೆ: ನಮ್ಮದು 2010ರ ಟಾಟಾ ಏಸ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಯಜಮಾನರು ಬೆಳಿಗ್ಗೆ ಮಲ್ಪೆ ದಕ್ಕೆಯಲ್ಲಿ ಮೀನು ತುಂಬಿಸಿ ಹಿರಿಯಡ್ಕ, ಬೈಲೂರು, ಕಾರ್ಕಳದ ಕಡೆ ಲೈನಿಗೆ ಹೋಗುತ್ತಾರೆ. ಕಿಲೋಮೀಟರ್ ಮುಳ್ಳು ನಿಂತು ಎಷ್ಟೋ ಕಾಲವಾಯಿತು. ಮೊನ್ನೆ ನನ್ನ ತಮ್ಮ ಬಂದವನು "ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೀರಾ?" ಎಂದು ಕೇಳಿದ. ಇವರು "ಗಾಡಿ ಚೆಂದ ಓಡ್ತಾ ಉಂಟು, ಸುಮ್ಮನೆ ಎಂಜಿನಿಗೆ ಕೈ ಹಾಕಿಸುವುದು ಬೇಡ" ಎನ್ನುತ್ತಾರೆ. ಯಾರು ಹೇಳುವುದು ಸರಿ?
— ಓದುಗರೊಬ್ಬರು, ಮಲ್ಪೆ

ಉತ್ತರ: ತಮ್ಮ ಹೇಳಿದ್ದೇ ಸರಿ ಅಕ್ಕ. ಆದರೆ ಯಜಮಾನರ ಹತ್ತಿರ ಜಗಳ ಮಾಡಬೇಡಿ. ನನ್ನ ಪ್ರಾಯದ ಡ್ರೈವರುಗಳೆಲ್ಲ ಹಾಗೆಯೇ ಹೇಳುವುದು. ನಾವು ಟಾಟಾ 407 ಲಾರಿ ನೋಡಿ ಕೆಲಸ ಕಲಿತವರು. ಅದರಲ್ಲಿರುವುದು ಟೈಮಿಂಗ್ ಗೇರು, ಉಕ್ಕಿನದ್ದು. ಸವೆದರೆ ಮೊದಲು ಕೂಗುತ್ತದೆ, ನಾಲ್ಕು ದಿನ ಸತಾಯಿಸುತ್ತದೆ, ಅಷ್ಟರಲ್ಲಿ ನಾವು ಗ್ಯಾರೇಜಿಗೆ ಮುಟ್ಟಿರುತ್ತೇವೆ. ಏಸಿನಲ್ಲಿ ಆ ಗೇರಿನ ಕೆಲಸ ಮಾಡುವುದು ರಬ್ಬರಿನ ಹಲ್ಲುಪಟ್ಟಿ, ಅದೇ ಟೈಮಿಂಗ್ ಬೆಲ್ಟು. ಅದು ಹರಿಯುವ ಹಿಂದಿನ ನಿಮಿಷದವರೆಗೂ ಗಾಡಿ ಚೆಂದವೇ ಓಡುತ್ತದೆ.

ಹರಿದರೆ ಆಗುವುದು ಎಂತದು? ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ, ವಾಲ್ವು ತೆರೆಯುವ ಮೇಲಿನ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ವಾಲ್ವು ಯಾವಾಗ ತೆರೆಯಬೇಕು, ಡೀಸೆಲ್ ಯಾವಾಗ ಬೀಳಬೇಕು ಎನ್ನುವ ಲೆಕ್ಕವನ್ನು ಈ ಒಂದು ಪಟ್ಟಿ ಹಿಡಿದುಕೊಂಡಿರುತ್ತದೆ. ಡೀಸೆಲ್ ಎಂಜಿನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ (ವಾಲ್ವುಗಳು ಕೂತಿರುವ ಎಂಜಿನಿನ ಮೇಲ್ಭಾಗ) ಅದಕ್ಕೂ ನಡುವೆ ಉಳಿಯುವ ಜಾಗ ಉಗುರಿನ ದಪ್ಪದಷ್ಟು. ಪಟ್ಟಿ ಹರಿದ ಕೂಡಲೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ. ಗಾಡಿ ಓಟದಲ್ಲಿರುವುದರಿಂದ ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವಿಗೆ ಕೆಳಗಿನಿಂದ ಹೊಡೆಯುತ್ತದೆ. ಅಲ್ಲಿಗೆ ಹೆಡ್ ಬಿಚ್ಚುವ ಕೆಲಸ, ಲೇತಿಗೆ ಹೋಗಿ ಬರುವ ಕೆಲಸ, ಹಿಂದೆ ಪೆಟ್ಟಿಗೆಯಲ್ಲಿ ಕರಗುತ್ತಿರುವ ಮಂಜುಗಡ್ಡೆ, ಅದರಡಿಯಲ್ಲಿ ಬಂಗುಡೆ. ಬೆಲ್ಟಿನ ಖರ್ಚನ್ನು ಈ ನಷ್ಟದ ಪಕ್ಕದಲ್ಲಿ ಇಟ್ಟು ನೋಡಲಿಕ್ಕೆ ಯಜಮಾನರಿಗೆ ಹೇಳಿ.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ನಿಮ್ಮಲ್ಲಿ ಮುಳ್ಳೇ ನಿಂತಿರುವಾಗ ಆ ಲೆಕ್ಕದಿಂದ ಪ್ರಯೋಜನವಿಲ್ಲ. ಇದ್ದಿದ್ದರೂ ಮೀನಿನ ಗಾಡಿಗೆ ಅದು ಪೂರ್ತಿ ಹೊಂದುವುದಿಲ್ಲ. ದಕ್ಕೆಯಲ್ಲಿ ಬೋಟಿಗೆ ಕಾಯುವಾಗ ಎಂಜಿನ್ ಬಂದ್ ಮಾಡದೆ ನಿಲ್ಲಿಸುವವರು ಎಷ್ಟು ಜನ! ಸ್ಲೋದಲ್ಲಿ ನಿಮಿಷಕ್ಕೆ 900 ಸುತ್ತು ಅಂದರೂ ಗಂಟೆಗೆ 54,000 ಸುತ್ತಾಯಿತು. ಬೆಲ್ಟ್ ದುಡಿದಿದೆ, ಮುಳ್ಳಿಗೆ ಸುದ್ದಿಯೇ ಇಲ್ಲ. ಸಾಲದ್ದಕ್ಕೆ ರಬ್ಬರು ಸುಮ್ಮನೆ ಕೂತರೂ ಗಟ್ಟಿಯಾಗುತ್ತದೆ. ನನ್ನ ರೂಢಿ ಇಷ್ಟೇ: ಹಿಂದಿನ ಮಾಲಕ ಬದಲಾಯಿಸಿದ ಬಿಲ್ಲು ಕೈಯಲ್ಲಿ ಇಲ್ಲದಿದ್ದರೆ, ಬದಲಾಯಿಸಿಯೇ ಇಲ್ಲ ಎಂದು ತಿಳಿಯುವುದು. ಕವರ್ ತೆಗೆದು ನೋಡಿ "ಚೆನ್ನಾಗಿದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿರುಕು, ಅಂಚಿನ ನೂಲು, ಆಯಿಲ್ ಪಸೆ ಕಂಡರೆ ಅದು ಹಾಳಾದದ್ದು ಖಂಡಿತ. ಕಾಣದಿದ್ದರೆ ಒಳ್ಳೆಯದು ಎಂದು ಅರ್ಥವಲ್ಲ.

ಇನ್ನು ಬೆಲ್ಟ್ ಒಂದನ್ನೇ ಹಾಕಿಸಬೇಡಿ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. 2009ರಲ್ಲಿ ಒಬ್ಬರ ಏಸಿಗೆ ಹೊಸ ಬೆಲ್ಟ್ ಹಾಕಿದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಚಕ್ರ, ಅಂದರೆ ಟೆನ್ಷನರ್, ಕೈಯಲ್ಲಿ ತಿರುಗಿಸಿ ನೋಡಿದರೆ ನುಣ್ಣಗೆ ತಿರುಗಿತು. ಪಾಪ, ಬಾಡಿಗೆ ಗಾಡಿಯವರು, ಇನ್ನೊಂದು ಖರ್ಚು ಯಾಕೆ ಎಂದು ಹಳತನ್ನೇ ಬಿಟ್ಟೆ. ಎಂಟು ತಿಂಗಳಿಗೆ ಫೋನು ಬಂತು. ಹೆಂಚು ತುಂಬಿಸಿಕೊಂಡು ಮಣಿಪಾಲದ ಏರು ಹತ್ತುವಾಗ ಗಾಡಿ 'ಟಪ್' ಎಂದು ನಿಂತಿತ್ತು. ಟೆನ್ಷನರಿನ ಬೇರಿಂಗ್ ಜಾಮ್ ಆಗಿ ಹೊಸ ಬೆಲ್ಟನ್ನು ತಿಂದು ಹಾಕಿತ್ತು. ಹೆಡ್ ಬಿಚ್ಚಿ ನೋಡಿದರೆ ನಾಲ್ಕು ವಾಲ್ವಿನಲ್ಲಿ ಮೂರು ಬಾಗಿವೆ. ಅವರು ಒಂದು ಮಾತು ಬೈಯಲಿಲ್ಲ, ಸುಮ್ಮನೆ ಕಲ್ಲಿನ ಮೇಲೆ ಕೂತಿದ್ದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ವಾಲ್ವು, ಗ್ಯಾಸ್ಕೆಟ್, ಲೇತಿನ ಮಜೂರಿ ಎಲ್ಲ ನನ್ನ ಕೈಯಿಂದಲೇ ಹೋಯಿತು. ಆಮೇಲೆ ಟೆನ್ಷನರ್ ಬದಲಾಯಿಸಲು ಒಪ್ಪದವರ ಬೆಲ್ಟ್ ಕೆಲಸವನ್ನೇ ನಾನು ಹಿಡಿಯುವುದಿಲ್ಲ.

ಅದರ ಜೊತೆ ಕ್ಯಾಮಿನ ಮತ್ತು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲು. ಸ್ವಲ್ಪ ಪಸೆ ಕಂಡರೂ ಅದೇ ಕೆಲಸದಲ್ಲಿ ಹೊಸದು ಹಾಕಿಸಿ. ಆಯಿಲ್ ತಾಗಿದ ರಬ್ಬರು ಉಬ್ಬಿ ಹಲ್ಲು ಬಿಡುತ್ತದೆ.

ಕೆಲಸದ ಹೊತ್ತಿಗೆ ಯಜಮಾನರು ಹತ್ತಿರ ನಿಂತು ಒಂದು ವಿಷಯ ಮಾತ್ರ ನೋಡಿಕೊಳ್ಳಲಿ. ಬೆಲ್ಟ್ ಕೂರಿಸಿ, ಟೆನ್ಷನರ್ ಬಿಗಿ ಮಾಡಿದ ಮೇಲೆ ಮೇಸ್ತ್ರಿ ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡು ಸುತ್ತಿಗೆ ಪುಲ್ಲಿಗಳ ಮೇಲಿನ ಟೈಮಿಂಗ್ ಮಾರ್ಕುಗಳೆಲ್ಲ ಮತ್ತೆ ಸರಿಯಾಗಿ ಎದುರಿಗೆ ಬರಬೇಕು. ನಡುವೆ ಎಲ್ಲಿಯಾದರೂ ಗಟ್ಟಿ ತಡೆದರೆ ಬಲ ಹಾಕಬಾರದು, ಪಿಸ್ಟನ್ ವಾಲ್ವಿಗೆ ತಾಗುತ್ತಿದೆ ಎಂದು ಅರ್ಥ. ಈ ಎರಡು ಸುತ್ತು ತಿರುಗಿಸದೆ ನೇರ ಚಾವಿ ತಿರುಗಿಸುವವರ ಹತ್ತಿರ ಈ ಕೆಲಸ ಕೊಡಬೇಡಿ, ಅವರು ನನ್ನ ಶಿಷ್ಯರೇ ಆದರೂ ಸರಿ. ಹೊಸ ಬೆಲ್ಟನ್ನು ಮಡಚಿ ಜೇಬಿಗೆ ತುರುಕಿಕೊಂಡು ಬರುವ ಹುಡುಗರೂ ಇದ್ದಾರೆ. ಒಳಗಿನ ನೂಲು ಅಲ್ಲೇ ಮುರಿಯುತ್ತದೆ.

ಯಾವಾಗ ಮಾಡಿಸುವುದು? ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳು ಹೇಗೂ ದಡದಲ್ಲೇ. ದುಡಿಮೆ ಇಲ್ಲದ ಆ ದಿನಗಳಲ್ಲಿ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಯಾರಿಗೂ ಹೊಟ್ಟೆನೋವಿಲ್ಲ. ಆದರೆ ನೀವು ಪತ್ರ ಬರೆದದ್ದು ಜನವರಿಯಲ್ಲಿ. ಜೂನ್ ತನಕ ಕಾಯಬೇಡಿ ಅಕ್ಕ, ಬರುವ ಭಾನುವಾರವೇ ಮಾಡಿಸಿ. ಹಾಕಿದ ತಾರೀಕನ್ನು ಪೈಂಟಿನಲ್ಲಿ ಸೀಟಿನಡಿ ಬರೆಸಿಡಿ. ಎಂಜಿನ್ ನೋಡಲು ಹೇಗೂ ಆ ಸೀಟು ಎತ್ತಲೇಬೇಕಲ್ಲ.

ಪ್ರಶ್ನೆ: ನನ್ನ ಹಳೇ ಪಿಕಪ್ಪಿಗೆ ಹದಿನೈದು ದಿನದ ಹಿಂದೆ ಟೈಮಿಂಗ್ ಬೆಲ್ಟ್ ಹಾಕಿಸಿದೆ. ಅಂದಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಹೊಗೆ ಜಾಸ್ತಿ, ಲೋಡಿನಲ್ಲಿ ಎಳೆತ ಇಲ್ಲ. ಕೇಳಿದರೆ ಡೀಸೆಲ್ ಸರಿ ಇಲ್ಲ ಎನ್ನುತ್ತಾರೆ.
— ಓದುಗರು, ಸುರತ್ಕಲ್

ಉತ್ತರ: ಹದಿನಾರು ದಿನದ ಹಿಂದೆ ಇದೇ ಡೀಸೆಲಿನಲ್ಲಿ ಓಡುತ್ತಿತ್ತಲ್ಲ ಮಾರಾಯ್ರೆ. ಬೆಲ್ಟ್ ಒಂದು ಹಲ್ಲು ಆಚೀಚೆ ಕೂತಿರಬಹುದು. ಒಂದು ಹಲ್ಲು ಎಂದರೆ ಸಣ್ಣದಲ್ಲ. ಕ್ಯಾಮಿನ ಪುಲ್ಲಿಗೆ 40 ಹಲ್ಲು ಎಂದು ಲೆಕ್ಕ ಹಿಡಿದರೆ ಒಂದು ಹಲ್ಲಿಗೆ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ ಅದೇ 18 ಡಿಗ್ರಿ. ಡೀಸೆಲ್ ಪಂಪಿನ ಪುಲ್ಲಿಯಲ್ಲಿ ಹಲ್ಲು ತಪ್ಪಿದ್ದರೆ ಡೀಸೆಲ್ ಬೀಳುವ ಹೊತ್ತೇ ತಪ್ಪುತ್ತದೆ. ನೀವು ಹೇಳಿದ ಮೂರೂ ತೊಂದರೆ ಅದರಿಂದ ಬರುತ್ತವೆ. ಲೋಡು ಹೊಡೆಯುವುದನ್ನು ನಿಲ್ಲಿಸಿ, ಅದೇ ಮೇಸ್ತ್ರಿಯ ಹತ್ತಿರ ಹೋಗಿ, ಕವರ್ ಬಿಚ್ಚಿಸಿ, ಮಾರ್ಕು ತೋರಿಸಲು ಹೇಳಿ. ಜಗಳದ ದನಿಯಲ್ಲಿ ಬೇಡ. ನನ್ನಿಂದಲೂ ಹಲ್ಲು ತಪ್ಪಿದ್ದುಂಟು. ಮಾರ್ಕು ಸರಿಯಿದ್ದರೆ ಆಮೇಲೆ ಡೀಸೆಲ್ ಫಿಲ್ಟರ್, ಗಾಳಿ ಎಳೆಯುವ ಪೈಪು ನೋಡಿದರಾಯಿತು.

ಪ್ರಶ್ನೆ: ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕೀಂ ಎನ್ನುತ್ತದೆ. ಟೈಮಿಂಗ್ ಬೆಲ್ಟಿಗೆ ಸ್ವಲ್ಪ ಗ್ರೀಸ್ ಹಚ್ಚಬಹುದೇ?
— ಓದುಗರು, ಕಾಪು

ಉತ್ತರ: ದೇವರಾಣೆ ಬೇಡ. ಕೀಂ ಎನ್ನುವುದು ಹೊರಗಿನ ಫ್ಯಾನ್ ಬೆಲ್ಟು, ಒದ್ದೆಯಾಗಿ ಜಾರುತ್ತಿದೆ. ಬಿಗಿ ಮಾಡಿಸಿ, ಸವೆದಿದ್ದರೆ ಬದಲಾಯಿಸಿ. ಗ್ರೀಸ್ ಡಬ್ಬಿಯನ್ನು ಮಕ್ಕಳಿಗೂ ನಿಮಗೂ ಸಿಗದ ಕಡೆ ಇಡಿ.