ಅವರು ಬರಲ್ಲ ಅಂದರೆ ನಾನೊಬ್ಬಳೇ ಹೋಗಲಾ?

ಪ್ರಶ್ನೆ: ನನಗೆ 38 ವರ್ಷ, ಮದುವೆಯಾಗಿ 13 ವರ್ಷ. ಮಗಳಿಗೆ 11. ನಮ್ಮ ಮನೆಯಲ್ಲಿ ಕೂಗಾಟ ಇಲ್ಲ. ನಾನು ಏನಾದರೂ ಕೇಳುತ್ತೇನೆ, ಗಂಡ ಉತ್ತರ ಕೊಡದೆ ಎದ್ದು ಹೋಗುತ್ತಾರೆ. ಆಮೇಲೆ ನಾಲ್ಕೈದು ದಿನ ಮಾತಿಲ್ಲ. ಆಗ ಏನು ಹೇಳಬೇಕಿದ್ದರೂ ಮಗಳ ಮೂಲಕ. ಆರು ತಿಂಗಳಿಂದ ಸ್ಕೂಲಿಗೆ ಹೊರಡುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು. ಇಬ್ಬರು ಡಾಕ್ಟರಿಗೆ ತೋರಿಸಿದೆವು, ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಒಬ್ಬರು ಫ್ಯಾಮಿಲಿ ಥೆರಪಿಸ್ಟ್ ನೋಡಿ ಎಂದರು. ಗಂಡ ಮಾತ್ರ 'ನಮ್ಮನೆ ವಿಷಯ ಹೊರಗಿನವರಿಗೆ ಯಾಕೆ? ಬೇಕಾದರೆ ಅವಳನ್ನು ಕರ್ಕೊಂಡು ಹೋಗು' ಎನ್ನುತ್ತಾರೆ. ಇನ್ನೊಂದು ವಿಷಯ. ಹೋದ ವರ್ಷ ಅವರಿಗೆ ತಿಳಿಸದೆ ಒಬ್ಬ ವಕೀಲರನ್ನು ಕಂಡು ಬಂದಿದ್ದೆ. ಅದನ್ನು ಥೆರಪಿಸ್ಟ್‌ಗೆ ಹೇಳಬಹುದಾ? ಯಾರು ಹೋಗಬೇಕು, ಮಗಳಾ, ನಾನಾ, ಮೂವರೂನಾ?

ಉತ್ತರ: ಹೋಗಿ. ಅವರು ಬರದಿದ್ದರೂ ಹೋಗಿ. ಆದರೆ ಮಗಳೊಬ್ಬಳನ್ನೇ ಮುಂದೆ ಮಾಡಿಕೊಂಡು ಹೋಗಬೇಡಿ. ನಿಮ್ಮ ಪತ್ರ ಓದಿದ ಕೂಡಲೇ ಹೀಗನ್ನಿಸಿತು. ಎರಡು ದಿನ ಬಿಟ್ಟು ಮತ್ತೆ ಓದಿದಾಗಲೂ ಹಾಗೇ ಅನ್ನಿಸಿತು.

ಮೊದಲು ಅವಳ ಹೊಟ್ಟೆನೋವಿನ ಮಾತು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಅವಳು ನೆಪ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ. ಆ ನೋವು ನಿಜ. ಬಾಯಿಬಿಟ್ಟು ಹೇಳಲಾಗದ ಆತಂಕ ಮಕ್ಕಳಲ್ಲಿ ಹೊಟ್ಟೆನೋವಾಗಿ, ತಲೆನೋವಾಗಿ ಬರುವುದು ತುಂಬಾ ಸಾಮಾನ್ಯ. (ತೂಕ ಇಳಿದರೆ, ಜ್ವರ ಬಂದರೆ, ರಾತ್ರಿ ನೋವಿಗೆ ಎಚ್ಚರವಾದರೆ ಮತ್ತೆ ಡಾಕ್ಟರಿಗೆ ತೋರಿಸಲೇಬೇಕು.) ಕಾರಣ ಸ್ಕೂಲಿನಲ್ಲೇ ಇರಬಹುದು. ಗೆಳತಿಯರ ಜೊತೆ ಏನೋ ಆಗಿರಬಹುದು, ಯಾರಾದರೂ ಕಾಡಿಸುತ್ತಿರಬಹುದು. ಥೆರಪಿಸ್ಟ್ ಅದನ್ನೂ ಕೇಳುತ್ತಾರೆ. ಆದರೂ ನಿಮ್ಮ ಪತ್ರದ ಒಂದು ವಾಕ್ಯದ ಹತ್ತಿರ ನಾನು ನಿಂತುಬಿಟ್ಟೆ. 'ಏನು ಹೇಳಬೇಕಿದ್ದರೂ ಮಗಳ ಮೂಲಕ.'

ಹನ್ನೊಂದು ವರ್ಷದ ಹುಡುಗಿ 'ಅಮ್ಮ ಊಟಕ್ಕೆ ಕರೀತಿದ್ದಾರೆ', 'ಅಪ್ಪ ನಾಳೆ ಬರೋದು ಲೇಟಂತೆ' ಅಂತ ಈ ಕೋಣೆಯಿಂದ ಆ ಕೋಣೆಗೆ ಓಡಾಡುತ್ತಿದ್ದಾಳೆ. ಹೇಳುವಾಗ ನಿಮ್ಮ ಮುಖ ನೋಡುತ್ತಾಳೆ. ನೀವು ಗಡುಸಾಗಿ ಹೇಳಿದ್ದನ್ನು ಅಲ್ಲಿ ಮೆತ್ತಗೆ ಮಾಡಿ ಹೇಳುತ್ತಿರಲೂಬಹುದು. ನಾನು ನೋಡಿದ ಇಂಥ ಮಕ್ಕಳಲ್ಲಿ ಎಷ್ಟೋ ಮಂದಿ ಹೀಗೇ ಮಾಡುತ್ತಿದ್ದರು. ಈ ಕೆಲಸ ಬಿಟ್ಟು ಬೆಳಿಗ್ಗೆ ಸ್ಕೂಲಿಗೆ ಹೋಗು ಅಂದರೆ ಅವಳು ಹೇಗೆ ಹೋಗಬೇಕು? ತಾನಿಲ್ಲದಾಗ ಮನೆಯಲ್ಲಿ ಏನಾಗುತ್ತದೋ ಅನ್ನುವ ಭಯ ಅವಳಿಗಿರಬಹುದು.

ಅಮೆರಿಕದ ಮನೋವೈದ್ಯ ಮರ್ರಿ ಬೋವೆನ್ 1950ರ ದಶಕದಲ್ಲಿ ಒಂದು ಹೊಸ ಕೆಲಸ ಮಾಡಿದರು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರ ಜೊತೆ ಮೊದಲು ಅವರ ತಾಯಂದಿರನ್ನು, ಆಮೇಲೆ ತಂದೆಯನ್ನು, ಒಡಹುಟ್ಟಿದವರನ್ನೂ ಆಸ್ಪತ್ರೆಯ ವಾರ್ಡಿನಲ್ಲೇ ಇರಿಸಿಕೊಂಡು ಗಮನಿಸಿದರು. ಆ ಕಾಯಿಲೆಗೆ ಮನೆಯವರೇ ಕಾರಣ ಅನ್ನುವ ಆ ಕಾಲದ ನಂಬಿಕೆ ಇವತ್ತು ಉಳಿದಿಲ್ಲ. ಆದರೆ ಕುಟುಂಬಗಳನ್ನು ನೋಡುತ್ತಾ ಅವರು ಕಂಡುಕೊಂಡ ಒಂದು ವಿಷಯ ಉಳಿದುಕೊಂಡಿದೆ. ಅವರು ಅದನ್ನು ತ್ರಿಕೋನ ಎಂದು ಕರೆದರು. ಇಬ್ಬರ ನಡುವೆ ತಳಮಳ ಜಾಸ್ತಿಯಾದಾಗ ಅವರು ಗೊತ್ತಿಲ್ಲದೆಯೇ ಮೂರನೆಯವರನ್ನು ನಡುವೆ ಎಳೆದುಕೊಳ್ಳುತ್ತಾರೆ. ಇಬ್ಬರಿಗೂ ಸ್ವಲ್ಪ ಹಗುರ ಅನ್ನಿಸುತ್ತದೆ. ಭಾರವೆಲ್ಲ ಮೂರನೆಯವರ ಮೇಲೆ ಬೀಳುತ್ತದೆ.

ಅವಳೊಬ್ಬಳನ್ನೇ ಥೆರಪಿಗೆ ಕರೆದುಕೊಂಡು ಹೋದರೆ ಅವಳಿಗೆ ಏನು ಅರ್ಥವಾಗುತ್ತದೆ ಯೋಚಿಸಿ. ಈ ಮನೆಯಲ್ಲಿ ಸರಿ ಇಲ್ಲದಿರುವುದು ನಾನೊಬ್ಬಳೇ. ಅಷ್ಟೇ ಅಲ್ವಾ? ಅವಳ ಜೊತೆ ಥೆರಪಿಸ್ಟ್ ಬೇರೆಯಾಗಿ ಮಾತಾಡಬೇಕಾಗಿ ಬರಬಹುದು, ಮಾತಾಡಲಿ. ಆದರೆ ಬಾಗಿಲೊಳಗೆ ಮೊದಲು ಕಾಲಿಡುವವರು ದೊಡ್ಡವರಾಗಿರಲಿ.

ಇನ್ನು ನೀವು ಮತ್ತು ನಿಮ್ಮ ಗಂಡ. ನೀವು ಕೇಳುತ್ತೀರಿ, ಅವರು ಎದ್ದು ಹೋಗುತ್ತಾರೆ. ಇದೇ ಪತ್ರವನ್ನು ಅವರು ಬರೆದಿದ್ದರೆ ಹೇಗಿರುತ್ತಿತ್ತು? 'ನಾನು ಏನು ಹೇಳಿದರೂ ತಪ್ಪಾಗುತ್ತೆ, ಮಾತು ಬೆಳೆಯೋದು ಬೇಡ ಅಂತ ಎದ್ದು ಹೋಗ್ತೀನಿ' ಅಂತ ಬರೆಯುತ್ತಿದ್ದರೇನೋ. ಅವರು ಹೋಗುತ್ತಾರೆ ಅಂತ ನೀವು ಇನ್ನೂ ಗಟ್ಟಿಯಾಗಿ ಕೇಳುತ್ತೀರಿ. ನೀವು ಗಟ್ಟಿಯಾಗಿ ಕೇಳುತ್ತೀರಿ ಅಂತ ಅವರು ಇನ್ನೂ ಬೇಗ ಹೋಗುತ್ತಾರೆ. ಎಲ್ಲಿ ಶುರುವಾಯಿತು ಅಂತ ಹುಡುಕಿದರೆ ಸಿಗುವುದಿಲ್ಲ. 1980ರ ದಶಕದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ದಂಪತಿಗಳಿಗಾಗಿ ರೂಪಿಸಿದ ಚಿಕಿತ್ಸೆ ಹೀಗೆ ಮತ್ತೆ ಮತ್ತೆ ತಿರುಗುವ ಈ ಸುತ್ತನ್ನೇ ಕೈಗೆತ್ತಿಕೊಳ್ಳುತ್ತದೆ. ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ದೂರ ಸರಿಯುವುದು. ಬೆನ್ನು ಹತ್ತುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ 'ನಾನು ನಿಮಗೆ ಬೇಕಾ?' ಅನ್ನುವ ಪ್ರಶ್ನೆ ಇರುತ್ತದೆ. ದೂರ ಸರಿಯುವವರ ಮನಸ್ಸಿನಲ್ಲಿ 'ನಾನು ಯಾವತ್ತಾದರೂ ನಿಮಗೆ ಸಾಕಾಗುತ್ತೀನಾ?' ಎಂದಿರುತ್ತದೆ. ಈ ಎರಡು ಪ್ರಶ್ನೆಗಳು ಮನೆಯಲ್ಲಿ ಹೊರಗೆ ಬರುವುದೇ ಇಲ್ಲ. ಹೊರಗೆ ಬರುವುದು ಫೀಸ್ ಕಟ್ಟಿದಿರಾ, ಫೋನ್ ಯಾಕೆ ಎತ್ತಲಿಲ್ಲ ಅನ್ನುವ ಮಾತುಗಳು.

ಅವರ ಮೌನದ ಬಗ್ಗೆ ನೀವು ತಿಳಿದಿರಬೇಕಾದ ಇನ್ನೊಂದು ವಿಷಯ ಇದೆ. ದಂಪತಿಗಳ ಜಗಳವನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಮಾತಾಡುವಾಗ ಇಬ್ಬರ ಎದೆಬಡಿತವನ್ನೂ ಅಳೆದು ನೋಡಿದರು. ಬಡಿತ ನಿಮಿಷಕ್ಕೆ 100 ದಾಟಿತೆಂದರೆ ಎದುರಿಗಿರುವವರ ಮಾತು ಒಳಗೆ ಇಳಿಯುವುದು ಕಷ್ಟ. ಹೊರಗೆ ಕಲ್ಲಿನಂತೆ ಕೂತವರ ಎದೆಯೂ ಆಗ ಓಡುತ್ತಿರಬಹುದು. ಸಮಾಧಾನವಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ಹಾಗಾಗಿ ಎದ್ದು ಹೋಗುವುದು ತಪ್ಪಲ್ಲ. ಯಾವಾಗ ವಾಪಸ್ ಬರುತ್ತೇನೆ ಅಂತ ಹೇಳದೆ ಹೋಗುವುದು, ನಾಲ್ಕು ದಿನ ಬರದೇ ಇರುವುದು, ಅದು ನೋಯಿಸುತ್ತದೆ. ನಿಮಗೆ ಆಗಿರುವ ನೋವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. 13 ವರ್ಷ ಮುಚ್ಚಿದ ಬಾಗಿಲಿನ ಮುಂದೆ ನಿಂತು ಮಾತಾಡುವುದು ಯಾರನ್ನಾದರೂ ಸುಸ್ತು ಮಾಡುತ್ತದೆ.

ಥೆರಪಿಸ್ಟ್ ಕೋಣೆಯಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಾದರೆ ನಿಮ್ಮ ಗಂಡನ ಹೆದರಿಕೆಯೂ ಕಡಿಮೆಯಾಗಬಹುದು. ಅಲ್ಲಿ ಪಂಚಾಯಿತಿ ಇರುವುದಿಲ್ಲ, ತೀರ್ಪು ಇರುವುದಿಲ್ಲ. ಅನೇಕರು ಮೊದಲ ಒಂದೆರಡು ಭೇಟಿಯಲ್ಲಿ ಮೂರು ತಲೆಮಾರಿನ ನಕ್ಷೆ ಬರೆಯುತ್ತಾರೆ. ನಿಮ್ಮ ಅಪ್ಪ ಅಮ್ಮ ಮುನಿಸು ಬಂದಾಗ ಏನು ಮಾಡುತ್ತಿದ್ದರು, ನಿಮ್ಮ ಗಂಡ ಬೆಳೆದ ಮನೆಯಲ್ಲಿ ಅಳು ಬಂದರೆ ಯಾರ ಹತ್ತಿರ ಹೋಗುತ್ತಿದ್ದರು, ಹೀಗೆ. ಮೌನ ಎಷ್ಟೋ ಸಲ ಹಿಂದಿನ ಮನೆಯಿಂದಲೇ ಕಲಿತು ಬಂದದ್ದಾಗಿರುತ್ತದೆ. ಕೆಲವು ಪ್ರಶ್ನೆಗಳನ್ನು ಸುತ್ತು ಬಳಸಿ ಕೇಳುತ್ತಾರೆ. 'ಅಪ್ಪ ಎದ್ದು ಹೋದಾಗ ಅಮ್ಮ ಏನು ಮಾಡ್ತಾರೆ? ಆಗ ನೀನೇನು ಮಾಡ್ತೀಯ?' ಅಂತ ಮಗಳನ್ನು ಕೇಳಬಹುದು. ಇಟಲಿಯ ಮಿಲಾನ್‌ನ ಥೆರಪಿಸ್ಟ್‌ಗಳ ತಂಡ ಬೆಳೆಸಿದ ಕ್ರಮ ಇದು. ಅವಳ ಉತ್ತರ ಕೇಳಿದಾಗ ತಪ್ಪು ಯಾರದು ಅನ್ನುವ ಪ್ರಶ್ನೆ ತಾನಾಗಿಯೇ ಹಿಂದೆ ಸರಿಯುತ್ತದೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅಪ್ಪಂದಿರು ತಲೆ ಎತ್ತಿ ಮಗುವನ್ನು ನೋಡುವ ಕ್ಷಣ ಅದು.

ಸಾಲ್ವಡೋರ್ ಮಿನುಚಿನ್ ಅನ್ನುವ ಹೆಸರಾಂತ ಥೆರಪಿಸ್ಟ್, ಒಳಗೆ ಬಂದವರು ಯಾರ ಪಕ್ಕ ಯಾರು ಕೂತರು ಅನ್ನುವುದನ್ನು ಗಮನಿಸುತ್ತಿದ್ದರು. ಬೇಕೆನಿಸಿದರೆ ಎಬ್ಬಿಸಿ ಜಾಗ ಬದಲಿಸುತ್ತಿದ್ದರು. ಅಪ್ಪ ಅಮ್ಮನ ನಡುವೆ ಮಗು ಕೂತಿದ್ದರೆ ಮಗುವನ್ನು ಪಕ್ಕಕ್ಕೆ ಕಳಿಸಿ, ಅವರಿಬ್ಬರನ್ನು ಎದುರು ಬದುರು ಕೂರಿಸಿ, ಈಗ ನೀವಿಬ್ಬರೇ ಮಾತಾಡಿ ಅನ್ನುವುದು ಅವರ ರೀತಿ. ಇಷ್ಟು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ನಿಮ್ಮ ಮನೆಯಲ್ಲಿ ಆಗಬೇಕಾದದ್ದು ಇದೇ.

ಈಗ ವಕೀಲರ ವಿಷಯ. ಅವರನ್ನು ಕಂಡು ಬಂದದ್ದಕ್ಕೆ ನಿಮ್ಮನ್ನು ನೀವು ಅಪರಾಧಿ ಅಂದುಕೊಳ್ಳಬೇಡಿ. ಆದರೆ ಥೆರಪಿಸ್ಟ್‌ಗೆ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿ. 'ನಾನು ಒಬ್ಬಳೇ ಇದ್ದಾಗ ಹೇಳಿದ್ದನ್ನು, ಮುಂದೆ ನನ್ನ ಗಂಡ ಬಂದರೆ ಏನು ಮಾಡುತ್ತೀರಿ?' ಕೆಲವರು ಗುಟ್ಟು ಉಳಿಸಿಕೊಳ್ಳುತ್ತಾರೆ. ಕೆಲವರು 'ದಂಪತಿಗಳ ಜೊತೆ ಕೆಲಸ ಮಾಡುವಾಗ ಗುಟ್ಟು ಇಟ್ಟುಕೊಳ್ಳುವುದಿಲ್ಲ, ಅದನ್ನು ಹೇಳಲು ನಿಮಗೇ ಸಹಾಯ ಮಾಡುತ್ತೇನೆ' ಎನ್ನುತ್ತಾರೆ. ಎರಡಕ್ಕೂ ಕಾರಣಗಳಿವೆ. ಈ ನಿಯಮವನ್ನು ಶುರುವಿನಲ್ಲೇ ಬಿಡಿಸಿ ಹೇಳದವರನ್ನು ಮಾತ್ರ ನಾನು ನಂಬುವುದಿಲ್ಲ. ಮತ್ತೆ, ವಕೀಲರ ಭೇಟಿಗಿಂತ ದೊಡ್ಡ ವಿಷಯ ಅದರ ಹಿಂದೆ ಇದೆ. ಈ ಮದುವೆಯಲ್ಲಿ ಉಳಿಯಬೇಕಾ ಅನ್ನುವುದೇ ನಿಮಗೆ ಗಟ್ಟಿಯಾಗಿಲ್ಲ. ಅದನ್ನು ಧೈರ್ಯವಾಗಿ ಹೇಳಿ. ಒಬ್ಬರ ಒಂದು ಕಾಲು ಹೊರಗಿರುವ ದಂಪತಿಗಳಿಗಾಗಿಯೇ ವಿಲಿಯಂ ಡೊಹರ್ಟಿ ಎಂಬ ಥೆರಪಿಸ್ಟ್ ಒಂದು ಚಿಕ್ಕ ಸಮಾಲೋಚನೆ ರೂಪಿಸಿದ್ದಾರೆ. ಹೆಚ್ಚೆಂದರೆ ಐದು ಭೇಟಿ. ಮದುವೆಯನ್ನು ಸರಿಪಡಿಸುವ ಕೆಲಸಕ್ಕೆ ಅಲ್ಲಿ ಕೈ ಹಾಕುವುದಿಲ್ಲ. ಸರಿಪಡಿಸಲು ಇಬ್ಬರೂ ತಯಾರಾ ಅನ್ನುವುದನ್ನಷ್ಟೇ ನೋಡುತ್ತಾರೆ. ಥೆರಪಿಸ್ಟ್ ನಿಮಗೆ ಡೈವೋರ್ಸ್ ತಗೊಳ್ಳಿ ಅಂತಲೂ ಹೇಳುವುದಿಲ್ಲ, ಸಹಿಸಿಕೊಳ್ಳಿ ಅಂತಲೂ ಹೇಳುವುದಿಲ್ಲ. ಹೇಳಿದರೆ ಬೇರೆಯವರನ್ನು ಹುಡುಕಿ.

ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಕೇಳಲೇಬೇಕು. ನಿಮಗೆ ಅವರ ಭಯ ಇದೆಯಾ? ಹೊಡೆತ, ಬೆದರಿಕೆ, ಹಣ ಅಥವಾ ಫೋನ್ ಕಿತ್ತುಕೊಳ್ಳುವುದು, ಇಂಥದ್ದೇನಾದರೂ ಇದ್ದರೆ ಇಬ್ಬರೂ ಒಟ್ಟಿಗೆ ಕೂರುವ ಥೆರಪಿಯಿಂದ ಶುರು ಮಾಡಬಾರದು. ಅಲ್ಲಿ ಬಾಯಿಬಿಟ್ಟದ್ದಕ್ಕೆ ಮನೆಯಲ್ಲಿ ಬೆಲೆ ತೆರಬೇಕಾಗಬಹುದು. ಮೊದಲು ನಿಮ್ಮ ಮತ್ತು ಮಗಳ ಸುರಕ್ಷತೆ. ಅದಕ್ಕೇ ಅನುಭವಿ ಥೆರಪಿಸ್ಟ್‌ಗಳು ಆರಂಭದಲ್ಲೇ ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಕೂರಿಸಿ ಇದನ್ನು ಕೇಳುತ್ತಾರೆ.

ಭಯ ಇಲ್ಲ, ಆದರೆ ಅವರು ಬರಲ್ಲ ಅಂದರೆ? ಒಬ್ಬರೇ ಹೋಗಿ. ಬೆನ್ನು ಹತ್ತುವ, ದೂರ ಸರಿಯುವ ಆ ಸುತ್ತಿನಲ್ಲಿ ಒಬ್ಬರು ಹೆಜ್ಜೆ ಬದಲಿಸಿದರೂ ಇನ್ನೊಬ್ಬರಿಗೆ ಹಳೆಯ ಹೆಜ್ಜೆ ಹಾಕುವುದು ಕಷ್ಟವಾಗುತ್ತದೆ. ಒಂದು ಎಚ್ಚರ ಇರಲಿ. ವಾರವಾರವೂ ಗಂಡನ ತಪ್ಪನ್ನೇ ಹೇಳಿ, 'ಪಾಪ' ಅನ್ನಿಸಿಕೊಂಡು ಬರುವ ಹಾಗಾದರೆ ನಿಮ್ಮಿಬ್ಬರ ನಡುವಿನ ಅಂತರ ಇನ್ನೂ ಜಾಸ್ತಿಯಾಗುತ್ತದೆ. ಬಾರದ ಗಂಡನಿಗೂ ಕೋಣೆಯಲ್ಲಿ ಒಂದು ಕುರ್ಚಿ ಇಟ್ಟು ಯೋಚಿಸುವ ಥೆರಪಿಸ್ಟ್ ನಿಮಗೆ ಬೇಕು. ದಂಪತಿಗಳ ಮತ್ತು ಕುಟುಂಬಗಳ ಜೊತೆ ಕೆಲಸ ಮಾಡುವ ತರಬೇತಿ ಆಗಿದೆಯಾ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ನೀವೊಬ್ಬರೇ ಬಹಳ ದಿನ ಹೋದ ಮೇಲೆ ಗಂಡ ಬರಲು ಒಪ್ಪಿದರೆ, ಆ ಥೆರಪಿಸ್ಟ್ ನಿಮ್ಮಿಬ್ಬರನ್ನು ಇನ್ನೊಬ್ಬರ ಹತ್ತಿರ ಕಳಿಸಬಹುದು. ಬೇಜಾರು ಮಾಡಿಕೊಳ್ಳಬೇಡಿ. ಹೊಸದಾಗಿ ಬಂದವರಿಗೆ 'ಇವರು ಅವಳ ಕಡೆಯವರು' ಅನ್ನಿಸಬಾರದಲ್ವಾ, ಅದಕ್ಕೆ.

ಗಂಡನನ್ನು ಇನ್ನೊಂದು ಸಲ ಕರೆಯಿರಿ. ಜಗಳದ ಮಧ್ಯೆ ಬೇಡ, ಮಾತಿಲ್ಲದ ದಿನಗಳಲ್ಲೂ ಬೇಡ. ಇಬ್ಬರೂ ಸುಮ್ನೆ ಕೂತಿರುವ ಒಂದು ಸಂಜೆ ನೋಡಿಕೊಂಡು, 'ನಿಮ್ಮನ್ನು ಸರಿ ಮಾಡಿಸೋಕೆ ಕರೀತಿಲ್ಲ. ನಾನು ಕೇಳುವ ರೀತಿಯಲ್ಲೂ ಏನೋ ಇದೆ, ನನಗೆ ಕಾಣಿಸ್ತಿಲ್ಲ. ಮಗಳಿಗೋಸ್ಕರ ಮೂರು ಸಲ ಬನ್ನಿ. ಆಮೇಲೆ ಬೇಡ ಅನ್ನಿಸಿದರೆ ನಾನು ಒತ್ತಾಯ ಮಾಡಲ್ಲ' ಅನ್ನಿ. ಕೊನೆಯ ಮಾತನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ಹೇಳಿ.

ಮಗಳ ವಿಷಯಕ್ಕೆ ಥೆರಪಿಸ್ಟ್ ಸಿಗುವವರೆಗೆ ಕಾಯಬೇಕಿಲ್ಲ. ಇವತ್ತು ರಾತ್ರಿ ಅವಳ ಪಕ್ಕ ಕೂತು ಹೇಳಿ. 'ಇನ್ಮೇಲೆ ಅಪ್ಪನಿಗೆ ಹೇಳಬೇಕಾದ್ದನ್ನು ನಾನೇ ಹೇಳ್ತೀನಿ. ಅದು ನಿನ್ನ ಕೆಲಸ ಅಲ್ಲ, ಇಷ್ಟು ದಿನ ಮಾಡಿಸಿದ್ದು ನನ್ನ ತಪ್ಪು.' ಮರುದಿನ ಮಾತು ಬಿಟ್ಟಿದ್ದರೂ ನೀವೇ ಅವರ ಕೋಣೆಯ ಬಾಗಿಲಿಗೆ ಹೋಗಿ 'ಊಟ ರೆಡಿ ಇದೆ' ಅನ್ನಿ. ಉತ್ತರ ಬರದಿರಬಹುದು. ಪರವಾಗಿಲ್ಲ, ವಾಪಸ್ ಬಂದು ಊಟಕ್ಕೆ ಕೂತುಕೊಳ್ಳಿ. ಮಗಳು ನೋಡುತ್ತಿರುತ್ತಾಳೆ.