ರಾಬಿನ್ ಹುಡ್ ಕಥೆಗಳನ್ನು ಕನ್ನಡಕ್ಕೆ ತರುವಾಗ ಹಳಗನ್ನಡದ ಪದಗಳನ್ನು ಬಳಸಬೇಕೆ?

ಬಳಸಬಾರದು. ಇಂಗ್ಲೆಂಡಿನ ದಂತಕಥೆಯ ಬಿಲ್ಲುಗಾರ ರಾಬಿನ್ ಹುಡ್‌ನ ಮೂಲ ಕಥನಗೀತೆಗಳನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಹೇಳಬೇಕೆಂದು ನೀವು ಪತ್ರದಲ್ಲಿ ಬರೆದಿರುವ ಆಸೆಯನ್ನೂ, ಮೂಲದ ಇಂಗ್ಲಿಷಿನಲ್ಲಿ ಅರ್ಥವಾಗದ ಪದಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಪ್ರತಿಯೊಂದಕ್ಕೂ ಹಳಗನ್ನಡದಲ್ಲಿ ಸಮಾನಪದ ಹುಡುಕುತ್ತಿರುವ ಕ್ರಮವನ್ನೂ ಓದಿದಾಗ, ನನ್ನದೇ ಹಳೆಯ ನೋಟುಪುಸ್ತಕ ನಿಮ್ಮ ಕೈಗೆ ಸಿಕ್ಕಿದೆಯೇನೋ ಎನಿಸಿತು.

ಅನುವಾದಕ್ಕೆಂದು ನಾನು ಅಂದು ಎತ್ತಿಕೊಂಡದ್ದು 'ಎ ಗೆಸ್ಟ್ ಆಫ್ ರಾಬಿನ್ ಹೋಡ್' ಎಂಬ ದೀರ್ಘ ಕಥನಗೀತೆಯನ್ನು. 1500ರ ಆಸುಪಾಸಿನಲ್ಲಿ ಅಚ್ಚಾದ ಇದರಲ್ಲಿ ಎಂಟು ಭಾಗಗಳೂ 456 ಪದ್ಯಗಳೂ ಇವೆ. ಸಾಲದಲ್ಲಿ ಮುಳುಗಿದ ಒಬ್ಬ ನೈಟ್‌ಗೆ, ಎಂದರೆ ಸರದಾರನಿಗೆ, ರಾಬಿನ್ 400 ಪೌಂಡು ಕೊಟ್ಟು, ಯಾರ್ಕಿನ ಸೇಂಟ್ ಮೇರಿ ಮಠದವರ ಕೈಯಿಂದ ಅವನ ಜಮೀನನ್ನು ಬಿಡಿಸುವ ಪ್ರಸಂಗ ಇರುವುದು ಇದರಲ್ಲಿಯೇ. ಕಾಗುಣಿತವೇ ವಿಚಿತ್ರವಾಗಿದ್ದ ಪದಗಳನ್ನೆಲ್ಲ ನಾನು ಶ್ರದ್ಧೆಯಿಂದ ಬೇರೆ ಬರೆದುಕೊಂಡು ನಿಘಂಟಿನಲ್ಲಿ ಹುಡುಕಿದೆ. ಪರಿಚಿತವಾಗಿ ಕಂಡ ಪದಗಳನ್ನು ಮಾತ್ರ ಹುಡುಕಲಿಲ್ಲ. ನಾನು ಕೆಟ್ಟದ್ದು ಇಲ್ಲಿಯೇ.

ಮೊದಲ ಭಾಗದಲ್ಲಿ, ಯಾರನ್ನು ದೋಚಬೇಕು, ಯಾರನ್ನು ಹೊಡೆದು ಕಟ್ಟಿಹಾಕಬೇಕು ಎಂದು ಲಿಟ್ಲ್ ಜಾನ್ ತನ್ನ ನಾಯಕನನ್ನು ಕೇಳುತ್ತಾನೆ. ರಾಬಿನ್ ಕೊಡುವ ಉತ್ತರದ ಮೊದಲ ಮಾತಿನಲ್ಲಿಯೇ 'ಹಸ್ಬಾಂಡ್' ಎಂಬ ಪದವಿದೆ, ಅವನಿಗೆ ಕೇಡು ಮಾಡಬೇಡಿ ಎಂಬ ಆಜ್ಞೆಯಿದೆ. ನಾನು ಹಿಂದೆಮುಂದೆ ನೋಡದೆ 'ಮದುವೆಯಾದ ಗಂಡಸರ ತಂಟೆಗೆ ಹೋಗಬೇಡಿ' ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಸಾಲಿನ ತಪ್ಪಾಗಿ ಉಳಿಯುತ್ತಿತ್ತು. ಆದರೆ ಕಾಡಿನಲ್ಲಿ ಬದುಕುವ ಈ ಒಂಟಿ ಗಂಡಸರು ಸಂಸಾರಸ್ಥರನ್ನು ಎಷ್ಟು ಗೌರವದಿಂದ ಕಾಣುತ್ತಿದ್ದರು ಎಂಬುದರ ಮೇಲೆ ಅರ್ಧ ಪುಟದ ಅಡಿಟಿಪ್ಪಣಿ ಬರೆದೆ, ಅದರಲ್ಲಿ ನಮ್ಮ ಗೃಹಸ್ಥಾಶ್ರಮ ಧರ್ಮವನ್ನೂ ಎಳೆದು ತಂದೆ. ಆ ಪದಕ್ಕೆ ಅಲ್ಲಿರುವ ಅರ್ಥ ಹೊಲಮನೆಯುಳ್ಳ ಬೇಸಾಯಗಾರ ಎಂದು. ಮರುಸಾಲಿನಲ್ಲಿಯೇ ಅವನು ನೇಗಿಲಿನಿಂದ ಉಳುವವನು ಎಂಬ ವಿವರಣೆ ಇದೆ! ನೇಗಿಲನ್ನು ಕಂಡೂ ನಾನು ಎಚ್ಚರಗೊಳ್ಳಲಿಲ್ಲ; ಗಂಡಂದಿರು ಉಳುತ್ತಾರೆ ತಾನೆ ಎಂದುಕೊಂಡೆ. ರೈತನನ್ನು ಮುಟ್ಟಬೇಡಿ, ಹಸಿರು ಕಾಡಿನ ಬದಿಯಲ್ಲಿ ನಡೆಯುವ ಒಳ್ಳೆಯ ಯೋಮನನ್ನು (ಜೀತದವನಲ್ಲದ ಸ್ವತಂತ್ರ ಮನುಷ್ಯನನ್ನು) ಮುಟ್ಟಬೇಡಿ, ಬಿಷಪ್ ಮತ್ತು ಆರ್ಚ್‌ಬಿಷಪ್‌ಗಳನ್ನು ಹಿಡಿದು ಕಟ್ಟಿ, ರಾಜನ ಅಧಿಕಾರಿಯಾದ ನಾಟಿಂಗ್‌ಹ್ಯಾಮಿನ ಶೆರಿಫನನ್ನು ಮರೆಯದಿರಿ ಎಂಬ ಆ ಮಾತು ಇಡೀ ಕೃತಿಯ ನೀತಿಸಂಹಿತೆ. ಅದರ ಮೊದಲನೆಯ ಕಲಮನ್ನೇ ನಾನು ಹಾಳುಮಾಡಿದ್ದೆ.

ಒಂದು ಸಣ್ಣ ಪತ್ರಿಕೆ ಅದನ್ನು ಧಾರಾವಾಹಿಯಾಗಿ ಪ್ರಕಟಿಸಲು ಒಪ್ಪಿತ್ತು. ಮೊದಲ ಕಂತು ಅಚ್ಚಾದ ಮೇಲೆ ಓದುಗರೊಬ್ಬರು ಆ ಅಡಿಟಿಪ್ಪಣಿಯನ್ನು ಬಹಳ ಮೃದುವಾಗಿ ಸೀಳಿ ಹಾಕಿದ ಪತ್ರ ಬಂತು, ಸಂಪಾದಕರು ಉಳಿದ ಕಂತುಗಳನ್ನು ಮರಳಿಸಿದರು. ಮತ್ತೆ ಮೊದಲಿನಿಂದ ಓದಿದಾಗ ಅದೇ ಜಾತಿಯ ಹೊಂಡಗಳು ಎಲ್ಲೆಡೆ ಕಂಡವು. 'ಮೀಟ್' ಎಂದರೆ ಅಲ್ಲಿ ಮಾಂಸವೇ ಆಗಬೇಕಿಲ್ಲ, ಯಾವುದೇ ಊಟ. 'ವುಡ್' ಎಂಬುದು ಕೆಲವೊಮ್ಮೆ ಕಾಡಲ್ಲ, ಹುಚ್ಚು. 'ಲೆಟ್' ಎಂದರೆ ಬಿಡು ಎಂದಷ್ಟೇ ಅಲ್ಲ, ತಡೆ ಎಂದೂ ಆಗುತ್ತದೆ. ಅಪರಿಚಿತ ಪದ ನಮ್ಮನ್ನು ನಿಲ್ಲಿಸಿ ನಿಘಂಟಿನ ಬಳಿಗೆ ಕಳಿಸುತ್ತದೆ; ಪರಿಚಿತ ಪದ ನಿಲ್ಲಿಸುವುದೇ ಇಲ್ಲ. ಹಳಗನ್ನಡ ಓದುವವರು 'ಬೇಟ'ವನ್ನು ಬೇಟೆಯೆಂದು ತಿಳಿದು ಪ್ರೇಮದ ಪದ್ಯದಲ್ಲಿ ಬಿಲ್ಲುಬಾಣ ಹುಡುಕುವುದೂ ಹೀಗೆಯೇ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಇಲ್ಲದ ಪದಗಳ ಬಗ್ಗೆ ನನಗೆ ಹೆಚ್ಚು ಚಿಂತೆ.

ಇನ್ನು ಹಳಗನ್ನಡದ ವಿಷಯ. ಈ ಕಥೆಗಳಿಗೆ ಪುರಾತನ ಗಾಂಭೀರ್ಯದ ಭಾಷೆ ಇದೆ ಎಂಬ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ನೀವು ಉದಾಹರಿಸಿರುವ 'ಕ್ವೋತ್' (ಎಂದನು), 'ಮಿಥಿಂಕ್ಸ್' (ನನಗನಿಸುತ್ತದೆ), 'ವಾರ್ಲೆಟ್' (ನೀಚ) ಇವೇನೋ ನಿಜವಾಗಿಯೂ ಹಳೆಯ ಪದಗಳು. ಆದರೆ ಅವುಗಳನ್ನು ಪುಟಕ್ಕೆ ಹತ್ತರಂತೆ ಎರಚಿ ಹಳತನದ ಬಣ್ಣ ಬಳಿದದ್ದು 19ನೆಯ ಶತಮಾನ. ರಾಬಿನ್ ಹುಡ್ ಬರುವ ವಾಲ್ಟರ್ ಸ್ಕಾಟ್‌ನ ಕಾದಂಬರಿ 'ಐವನ್‌ಹೋ' 1819ರ ಕೊನೆಯಲ್ಲಿ ಬಂತು, ರಾಬಿನ್ ಹುಡ್ ಬಗ್ಗೆ ಅಮೆರಿಕದ ಹೋವರ್ಡ್ ಪೈಲ್‌ನ ಮಕ್ಕಳ ಪುಸ್ತಕ 1883ರಲ್ಲಿ. ಮೂಲ ಗೀತೆಗಳನ್ನು ಕೇಳುತ್ತಿದ್ದವರಿಗೆ ಅವು ತಮ್ಮ ಕಾಲದ ನೇರ ಮಾತಾಗಿದ್ದವು. 1370ರ ದಶಕದ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ, ಪ್ರಾರ್ಥನೆ ಸರಿಯಾಗಿ ಬಾರದ ಸೋಮಾರಿ ಪಾದ್ರಿಯೊಬ್ಬ ತನಗೆ ರಾಬಿನ್ ಹುಡ್‌ನ ಪದ್ಯಗಳು ಬರುತ್ತವೆ ಎಂದು ಹೇಳಿಕೊಳ್ಳುತ್ತಾನೆ. ಅವುಗಳ ಅಂದಿನ ಅಂತಸ್ತು ಅಷ್ಟು. ಹಳೆಯ ಇಂಗ್ಲಿಷಿನ 'ದೌ' ಎಂಬುದು ನಮ್ಮ 'ನೀನು' ಮಾತ್ರ. ಅದನ್ನು ಹಳಗನ್ನಡದಲ್ಲಿ 'ನೀಂ' ಎಂದು ಬರೆದು ನಾನು ಬಿಲ್ಲುಗಾರರನ್ನೆಲ್ಲ ಆಸ್ಥಾನಕವಿಗಳನ್ನಾಗಿ ಮಾಡಿದ್ದೆ. ಕನ್ನಡದಲ್ಲಿ ಈ ಕಥೆಗಳಿಗೆ ಹೊಂದುವ ದನಿ ಬೇಕಾದರೆ ಪಂಪನ ಬಳಿ ಹೋಗದೆ ನಮ್ಮ ಲಾವಣಿಗಳ ಬಳಿ ಹೋಗಿ. 1857ರ ಹಲಗಲಿ ಬೇಡರ ದಂಗೆಯ ಲಾವಣಿಯನ್ನು ಗಟ್ಟಿಯಾಗಿ ಓದಿನೋಡಿ. ಸರಕಾರದ ವಿರುದ್ಧ ನಿಂತವರ ಕಥೆಯನ್ನು ಅಲಂಕಾರದ ಹಂಗಿಲ್ಲದೆ ಹೇಳುವ ಬಗೆ ಅಲ್ಲಿ ಸಿಗುತ್ತದೆ.

ಹಾಗೆಂದು ಎಲ್ಲವನ್ನೂ ಸರಳಗೊಳಿಸಲು ಬರುವುದಿಲ್ಲ, ಏಕೆಂದರೆ ಕೆಲವು ಪದಗಳು ಕಾನೂನಿನವು. 'ಫಾರೆಸ್ಟ್' ಎಂದರೆ ಆಗ ಮರಗಳ ಗುಂಪಲ್ಲ, ರಾಜನ ಬೇಟೆಗೆ ಮೀಸಲಾಗಿ ಪ್ರತ್ಯೇಕ ಕಾಯಿದೆಗೆ ಒಳಪಟ್ಟ ಪ್ರದೇಶ. ಅದರೊಳಗೆ ಊರುಗಳೂ ಹೊಲಗಳೂ ಇರುತ್ತಿದ್ದವು. ಜಿಂಕೆ ಕೊಂದವನ ಪ್ರಾಣವನ್ನಾಗಲಿ ಅಂಗವನ್ನಾಗಲಿ ಇನ್ನು ಮುಂದೆ ತೆಗೆಯಬಾರದೆಂದು 1217ರ ಅರಣ್ಯ ಸನ್ನದು ಹೇಳಬೇಕಾಯಿತು ಎಂದರೆ ಅದಕ್ಕೆ ಮೊದಲಿನ ಸ್ಥಿತಿಯನ್ನು ಊಹಿಸಿಕೊಳ್ಳಿ. 'ಮೀಸಲು ಅರಣ್ಯ' ಎಂದರೆ ನಮ್ಮ ಮಕ್ಕಳಿಗೆ ಸುಮಾರಾಗಿ ತಿಳಿಯುತ್ತದೆ. 'ಔಟ್‌ಲಾ'ಗೆ ದರೋಡೆಕೋರ ಎಂದು ಬರೆಯಲೇಬೇಡಿ. ನ್ಯಾಯಾಲಯದ ಕರೆಗೆ ಹಾಜರಾಗದೆ ಕಾನೂನಿನ ರಕ್ಷಣೆಯನ್ನೇ ಕಳೆದುಕೊಂಡವನು ಅವನು. 14ನೆಯ ಶತಮಾನದ 'ಗ್ಯಾಮೆಲಿನ್' ಕಥೆಯಲ್ಲಿ ನಾಯಕನನ್ನು 'ತೋಳನ ತಲೆ', ಎಂದರೆ ತೋಳನಂತೆ ಯಾರು ಬೇಕಾದರೂ ಕೊಲ್ಲಬಹುದಾದವನು, ಎಂದು ಸಾರಲಾಗುತ್ತದೆ. 'ಯೋಮನ್' ಪದವನ್ನು ಹಾಗೆಯೇ ಉಳಿಸಿ, ನೈಟ್‌ಗಿಂತ ಕೆಳಗಿನ ಆದರೆ ಜೀತದವನಲ್ಲದ ಸ್ವತಂತ್ರ ಮನುಷ್ಯ ಎಂದು ಒಮ್ಮೆ ವಿವರಿಸಿ. ರಾಬಿನ್ ಅಂಥವನೇ, ಅವನಿಗೆ ಅರ್ಲ್ ಎಂಬ ಕುಲೀನ ಪದವಿ ಅಂಟಿದ್ದು 16ನೆಯ ಶತಮಾನದ ಕೊನೆಯ ನಾಟಕಗಳಿಂದ.

ಯಾವ ಪ್ರತಿ, ಯಾವ ನಿಘಂಟು ಎಂದೂ ಕೇಳಿದ್ದೀರಿ. ಪ್ರತಿ ಯಾವುದಾದರೂ ಆಗಲಿ, ಪಕ್ಕದಲ್ಲಿ ಪದಗಳ ಅರ್ಥ ಕೊಟ್ಟಿರಲಿ. ಮಿಶಿಗನ್ ವಿಶ್ವವಿದ್ಯಾಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು ಅಂತರಜಾಲದಲ್ಲಿ ಉಚಿತವಾಗಿದೆ. ಗೆಸ್ಟ್ ಬಹಳ ಉದ್ದವಾದದ್ದು, ಅದರಿಂದ ಆರಂಭಿಸಬೇಡಿ. 1450ರ ನಂತರದ ಹಸ್ತಪ್ರತಿಯಲ್ಲಿ ಉಳಿದಿರುವ 'ರಾಬಿನ್ ಹುಡ್ ಮತ್ತು ಸನ್ಯಾಸಿ'ಯನ್ನು ಎತ್ತಿಕೊಳ್ಳಿ. ಅದರಲ್ಲಿ ರಾಬಿನ್ ಪಣದ ಹಣದ ವಿಷಯದಲ್ಲಿ ಲಿಟ್ಲ್ ಜಾನ್‌ನೊಂದಿಗೆ ಜಗಳವಾಡುತ್ತಾನೆ, ಮಚ್ ಎಂಬ ಸಂಗಡಿಗ ಸನ್ಯಾಸಿಯ ಜೊತೆಗಿದ್ದ ಹುಡುಗನನ್ನು, ಅವನು ಹೋಗಿ ಸುದ್ದಿ ಹೇಳಬಾರದೆಂದು, ಕೊಂದುಹಾಕುತ್ತಾನೆ. ಮಕ್ಕಳಿಗಾಗಿ ಎಂದು ನೀವು ಅದನ್ನು ಬಿಟ್ಟುಬಿಡಲು ನೋಡುತ್ತೀರಿ. ಬಿಡಬೇಡಿ, ಬಿಡುವುದಾದರೆ ಮೂಲದಿಂದ ಎಂದು ಮುಖಪುಟದಲ್ಲಿ ಹಾಕಬೇಡಿ.