ಹಳೇ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಪೆನ್‌ಡ್ರೈವ್ ಬೂಟ್ ಆಗುತ್ತಿಲ್ಲ, ಬಯೋಸ್‌ನಲ್ಲಿ ಏನು ಬದಲಾಯಿಸಬೇಕು?

ನಮಸ್ಕಾರ ರೀ. ನೀವು ಕೇಳಿದ್ದು ಇಷ್ಟು: ಗಂಗಾವತಿಯಲ್ಲಿ ನಿಮ್ಮ ದಲಾಲಿ ಅಂಗಡಿಯ ಕಂಪ್ಯೂಟರ್ 2009ರದ್ದು. ಪೆಂಟಿಯಂ ಡ್ಯುಯಲ್ ಕೋರ್, ಜಿ31 ಮದರ್‌ಬೋರ್ಡ್, ಅವಾರ್ಡ್ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ), 2 ಜಿಬಿ ರ‍್ಯಾಮ್, ವಿಂಡೋಸ್ 7. ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ತಮ್ಮನ ಹೊಸ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬರುತ್ತದೆ. ಅಂಗಡಿಯದ್ದರಲ್ಲಿ ಫಸ್ಟ್ ಬೂಟ್ ಡಿವೈಸ್ ಯುಎಸ್‌ಬಿ ಅಂತ ಇಟ್ಟರೂ ನೇರ ವಿಂಡೋಸ್‌ಗೇ ಹೋಗುತ್ತದೆ. "ಈ ಬೋರ್ಡಿಗೆ ಲಿನಕ್ಸ್ ಆಗಲ್ಲ" ಅಂತ ಯಾರೋ ಹೇಳಿದ್ದಾರೆ.

ಆಗುತ್ತದೆ. ರಾಯಚೂರಿನಲ್ಲಿ ನಾನು ಜಾಸ್ತಿ ರಿಪೇರಿ ಮಾಡುವುದೇ ಇಂಥ ಕಂಪ್ಯೂಟರುಗಳನ್ನು. ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಪ್ರೊಸೆಸರ್ 64 ಬಿಟ್‌ನದ್ದು, ಈಗಿನ ಮಿಂಟ್ ಅದರಲ್ಲಿ ಓಡುತ್ತದೆ.

ಮೊದಲು ಪೆನ್‌ಡ್ರೈವ್ ನೋಡಿ. ತಮ್ಮನ ಲ್ಯಾಪ್‌ಟಾಪಿನಲ್ಲಿ ಇರುವುದು ಯುಇಎಫ್‌ಐ, ಅಂದರೆ ಬಯೋಸ್‌ನ ಹೊಸ ರೂಪ. ಅದು ಪೆನ್‌ಡ್ರೈವ್ ಒಳಗಿನ ಫೈಲನ್ನೇ ಹುಡುಕಿ ಓದುತ್ತದೆ. ನಿಮ್ಮ ಹಳೇ ಬಯೋಸ್‌ಗೆ ಫೈಲು, ಫೋಲ್ಡರು ಗೊತ್ತಾಗುವುದಿಲ್ಲ. ಅದು ಡಿಸ್ಕಿನ ಮೊಟ್ಟಮೊದಲ 512 ಬೈಟ್ ಮಾತ್ರ ಓದುತ್ತದೆ. ಅಲ್ಲಿ ಬೂಟ್ ಕೋಡ್ ಇದ್ದರೆ ಶುರು, ಇಲ್ಲದಿದ್ದರೆ ಮುಂದಿನ ಡಿಸ್ಕಿಗೆ ಹೋಗುತ್ತದೆ. ಹಾಗಾಗಿ ರೂಫಸ್‌ನಲ್ಲಿ (ಬೂಟ್ ಆಗುವ ಪೆನ್‌ಡ್ರೈವ್ ಮಾಡುವ ಸಾಫ್ಟ್‌ವೇರ್) ಪಾರ್ಟಿಷನ್ ಸ್ಕೀಮ್, ಅಂದರೆ ಡಿಸ್ಕನ್ನು ಭಾಗ ಮಾಡುವ ಪದ್ಧತಿ, ಜಿಪಿಟಿ ಅಂತ ಇಟ್ಟು ಮಾಡಿದ ಪೆನ್‌ಡ್ರೈವ್ ಹೊಸದರಲ್ಲಿ ಬಂದರೂ ನಿಮ್ಮದರಲ್ಲಿ ಬರದೇ ಇರಬಹುದು. ಇನ್ನೊಮ್ಮೆ ಮಾಡಿ. ಈ ಸಲ ಅಲ್ಲೇ ಹಳೇ ಪದ್ಧತಿಯಾದ ಎಂಬಿಆರ್ ಆರಿಸಿ. ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಇಳಿಸಿಕೊಳ್ಳಿ, 2 ಜಿಬಿ ರ‍್ಯಾಮಿಗೆ ಅದೇ ಸರಿ.

ಈಗ ಬಯೋಸ್. ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಫಸ್ಟ್ ಬೂಟ್ ಡಿವೈಸ್ ಪಟ್ಟಿಯಲ್ಲಿ ಯುಎಸ್‌ಬಿ-ಎಫ್‌ಡಿಡಿ, ಯುಎಸ್‌ಬಿ-ಜಿಪ್, ಯುಎಸ್‌ಬಿ-ಎಚ್‌ಡಿಡಿ ಅಂತ ಏನೇನೋ ಇರುತ್ತವೆ. ಅದರಲ್ಲಿ ಒಂದನ್ನು ಆರಿಸಿದರೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಈ ಕಾಲದ ಎಷ್ಟೋ ಬೋರ್ಡುಗಳು ಪೆನ್‌ಡ್ರೈವನ್ನು ಇನ್ನೊಂದು ಹಾರ್ಡ್ ಡಿಸ್ಕ್ ಅಂತಲೇ ತಿಳಿಯುತ್ತವೆ. ಅದನ್ನು ಹಾರ್ಡ್ ಡಿಸ್ಕುಗಳ ಸಾಲಿನಲ್ಲಿ, ನಿಮ್ಮ ವಿಂಡೋಸ್ ಡಿಸ್ಕಿನ ಹಿಂದೆ ನಿಲ್ಲಿಸಿರುತ್ತವೆ. ಅದಕ್ಕೇ ವಿಂಡೋಸ್ ಮೊದಲು ಬರುತ್ತದೆ.

ಹೀಗೆ ಮಾಡಿ. ಕಂಪ್ಯೂಟರ್ ಆಫ್ ಇರುವಾಗಲೇ ಪೆನ್‌ಡ್ರೈವ್ ಹಾಕಿ. ಆನ್ ಮಾಡಿದ ಮೇಲೆ ಹಾಕಿದರೆ ಪಟ್ಟಿಯಲ್ಲಿ ಅದರ ಹೆಸರೇ ಬರದಿರಬಹುದು. ಮುಂದಿನ ಪೋರ್ಟ್ ಬೇಡ, ಹಿಂದೆ ಬೋರ್ಡಿಗೇ ಇರುವ ಪೋರ್ಟಿಗೆ ಹಾಕಿ. ಭತ್ತದ ಧೂಳು ತುಂಬಿದ ಮುಂದಿನ ಪೋರ್ಟನ್ನು ನಾನು ನಂಬುವುದೇ ಇಲ್ಲ. ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತುತ್ತಾ ಇರಿ. ಅಡ್ವಾನ್ಸ್‌ಡ್ ಬಯೋಸ್ ಫೀಚರ್ಸ್ ಒಳಗೆ ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ ಅಂತ ಇರುತ್ತದೆ. ಅದನ್ನು ತೆರೆದರೆ ನಿಮ್ಮ ಪೆನ್‌ಡ್ರೈವ್ ಹೆಸರು ಕೆಳಗೆಲ್ಲೋ ಕಾಣುತ್ತದೆ. ಪ್ಲಸ್ ಕೀ ಒತ್ತಿ ಮೇಲಕ್ಕೆ ತನ್ನಿ. ಎಫ್10 ಒತ್ತಿ ಸೇವ್ ಮಾಡಿ. ಎಎಂಐ ಬಯೋಸ್ ಇದ್ದವರಿಗೆ ಇದೇ ಪಟ್ಟಿ ಬೂಟ್ ಟ್ಯಾಬಿನಲ್ಲಿ ಹಾರ್ಡ್ ಡಿಸ್ಕ್ ಡ್ರೈವ್ಸ್ ಅಂತ ಸಿಗುತ್ತದೆ.

ಹೆಸರೇ ಇಲ್ಲದಿದ್ದರೆ ಇಂಟಿಗ್ರೇಟೆಡ್ ಪೆರಿಫೆರಲ್ಸ್‌ನಲ್ಲಿ ಯುಎಸ್‌ಬಿ ಸ್ಟೋರೇಜ್ ಡಿಟೆಕ್ಟ್ ಆಫ್ ಆಗಿದೆಯಾ ನೋಡಿ, ಆನ್ ಮಾಡಿ. ಅದೇ ಪುಟದಲ್ಲಿ ಸಾಟಾ ಮೋಡ್ (ಹಾರ್ಡ್ ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ) ಇದ್ದರೆ ಮಾತ್ರ ಕೈ ಹಚ್ಚಬೇಡಿ. ಐಡಿಇಯಿಂದ ಎಎಚ್‌ಸಿಐಗೆ ಸುಮ್ನೆ ಬದಲಾಯಿಸಿದರೆ ವಿಂಡೋಸ್ 7 ನೀಲಿ ಸ್ಕ್ರೀನ್ ತೋರಿಸಿ ನಿಂತುಬಿಡುತ್ತದೆ. ಬಯೋಸ್ ಅಪ್‌ಡೇಟ್ ಮಾಡಿ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅಪ್‌ಡೇಟ್ ನಡುವೆ ಹೋದರೆ ಬೋರ್ಡೇ ಹೋದಂತೆ. ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಸೇವ್ ಮಾಡಿದ್ದು ಮರುದಿನ ಮತ್ತೆ ಮೊದಲಿನಂತೆ ಆಗುತ್ತದಾ? ದಿನಾಂಕ ಹಿಂದಕ್ಕೆ ಹೋಗುತ್ತದಾ? ಆನ್ ಆಗುವಾಗ ಸಿಮೋಸ್ ಚೆಕ್‌ಸಮ್ ಎರರ್ ಬರುತ್ತದಾ? ಹಾಗಿದ್ದರೆ ಬೋರ್ಡಿನ ಮೇಲಿನ ಸೆಲ್ ಮುಗಿದಿದೆ. ಸಿಆರ್2032, 3 ವೋಲ್ಟಿನ ಗುಂಡನೆಯ ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅಂಗಡಿಯವರು ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುತ್ತೀರಿ. ಆಗ ಗಡಿಯಾರ ನಡೆಯುವುದು ಈ ಸೆಲ್ಲಿನಿಂದಲೇ, ಅದಕ್ಕೇ ಬೇಗ ಮುಗಿಯುತ್ತದೆ. ಪವರ್ ಕೇಬಲ್ ತೆಗೆದು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದು ಕೂರಿಸಿ, ದಿನಾಂಕ ಸರಿಮಾಡಿ. ದಿನಾಂಕ ತಪ್ಪಿದ್ದರೆ ಲಿನಕ್ಸ್ ಬಂದ ಮೇಲೂ ಬ್ರೌಸರಿನಲ್ಲಿ ಸೈಟುಗಳು ಸರ್ಟಿಫಿಕೇಟ್ ಎರರ್ ಕೊಡುತ್ತವೆ. ಆಗ ನೀವು ಲಿನಕ್ಸ್‌ನದ್ದೇ ತಪ್ಪು ಅಂದುಕೊಳ್ಳುತ್ತೀರಿ.

ಮಿಂಟ್ ಬಂದ ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್ ಬೇರೆ ಪೆನ್‌ಡ್ರೈವಿಗೆ ಕಾಪಿ ಮಾಡಿ. ಟ್ಯಾಲಿಗೆ ವಿಂಡೋಸ್ ಬೇಕು, ಹಾಗಾಗಿ ಎರಡನ್ನೂ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಲೆಕ್ಕಕ್ಕೆ ವಿಂಡೋಸ್, ಇಂಟರ್ನೆಟ್ಟಿಗೆ ಮಿಂಟ್. ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಅದರಲ್ಲಿ ಬ್ಯಾಂಕಿನ ಕೆಲಸ ಖಂಡಿತ ಮಾಡಬೇಡಿ.

ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ನೀವೇ ಮಾಡುವುದಾದರೆ ಬೂಟ್ ಲೋಡರ್ (ಲಿನಕ್ಸ್ ಶುರು ಮಾಡುವ ಚಿಕ್ಕ ಪ್ರೋಗ್ರಾಂ) ಎಲ್ಲಿ ಹಾಕಬೇಕು ಅಂತ ಕೆಳಗೆ ಕೇಳುತ್ತದೆ. ಅಲ್ಲಿ ಡಿಸ್ಕಿನ ಸೈಜ್ ನೋಡಿ ಒಳಗಿನ ಹಾರ್ಡ್ ಡಿಸ್ಕನ್ನೇ ಆರಿಸಿ. ಪೆನ್‌ಡ್ರೈವ್ ಆರಿಸಿಬಿಟ್ಟರೆ ಮುಂದೆ ಪೆನ್‌ಡ್ರೈವ್ ಹಾಕದೆ ಮಿಂಟ್ ಬರುವುದಿಲ್ಲ.

ಇಷ್ಟಾದರೂ ಬರದಿದ್ದರೆ ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ ಪುಟದ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.